ರೋಗದ ಕಾಲವೂ ನ್ಯಾಯದ ಕಾಲವೂ

ನ್ಯಾಯಸ್ಥಾನದ ಬಾಗಿಲಿಗೆ ಬಂದವನಿಗೆ ‘ನೀನು ಹೊತ್ತು ಮೀರಿ ಬಂದೆ’ ಎಂದು ಹೇಳುವುದು ಅನೇಕ ವೇಳೆ ಯುಕ್ತವೇ ಸರಿ. ಕೊಟ್ಟ ಸಾಲವನ್ನು ಕೇಳದೆ ವರುಷಗಟ್ಟಲೆ ಸುಮ್ಮನೆ ಕುಳಿತವನು, ಮುದ್ದತು ತೀರಿದ ಮೇಲೆ ದಾವೆ ಹೂಡಿದರೆ, ಅವನ ಔದಾಸೀನ್ಯಕ್ಕೆ ಅವನೇ ಹೊಣೆ. ಆದರೆ ತನಗೆ ಅಪಕಾರವಾಗಿದೆಯೆಂಬುದನ್ನೇ ತಿಳಿಯಲು ದಾರಿಯಿಲ್ಲದಿದ್ದವನಿಗೂ ಅದೇ ಮಾತನ್ನು ಹೇಳಬಹುದೇ? ಕಲ್ನಾರಿನ ಧೂಳಿನಿಂದ ಅರ್ಬುದರೋಗಕ್ಕೆ ತುತ್ತಾಗಿ ಪರಿಹಾರವನ್ನು ಬೇಡಿದವರಿಗೆ ಒಂದಕ್ಕಿಂತ ಹೆಚ್ಚು ದೇಶಗಳ ನ್ಯಾಯಸ್ಥಾನಗಳು ಹೇಳಿದುದು ಇದನ್ನೇ. ಇದು ನ್ಯಾಯದ ವೇಷವನ್ನು ತೊಟ್ಟ ಅನ್ಯಾಯವೆಂಬುದು ನಮ್ಮ ವಾದ.

ಕಲ್ನಾರು ನಮ್ಮ ವಾಚಕರಿಗೆ ಅಪರಿಚಿತ ವಸ್ತುವಲ್ಲ. ಹಿತ್ತಿಲ ಕೊಟ್ಟಿಗೆಗೂ ಬಚ್ಚಲುಮನೆಗೂ ಹೊದಿಸುವ ಬೂದುಬಣ್ಣದ ಸಿಮೆಂಟ್ ಶೀಟಿನಲ್ಲಿ ಇರುವುದು ಅದೇ. ಬೆಂಕಿಗೆ ಬೇಯದ, ನೀರಿಗೆ ಕೊಳೆಯದ ಈ ನಾರಿನ ಗುಣವೇ ಅದರ ದೋಷವೂ ಆಗಿದೆ. ಅರೆಯುವಾಗ, ಕೊಯ್ಯುವಾಗ, ನೇಯುವಾಗ ಎದ್ದ ಸೂಕ್ಷ್ಮವಾದ ಎಳೆಗಳು ಉಸಿರಿನೊಡನೆ ಒಳಹೊಕ್ಕು ಅಲ್ಲಿಯೇ ನೆಲಸುತ್ತವೆ; ದೇಹವು ಅವುಗಳನ್ನು ಕರಗಿಸಲಾರದು. ಶ್ವಾಸಕೋಶದ ಅರ್ಬುದವೂ, ಅದನ್ನು ಸುತ್ತಿದ ಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಘೋರವಾದ ಅರ್ಬುದವೂ ತೋರಿಕೊಳ್ಳುವುದಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ವರುಷಗಳು ಹಿಡಿಯುತ್ತವೆ. ಹರೆಯದಲ್ಲಿ ನುಂಗಿದ ಧೂಳು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಫಲ ಕೊಡುತ್ತದೆ.

ಇದು ಆಕಸ್ಮಿಕವಾದ ದುರ್ವಿಧಿ, ಯಾರಿಗೂ ತಿಳಿದಿರಲಿಲ್ಲ ಎಂದು ಹೇಳುವವರುಂಟು. ಅದು ಸುಳ್ಳು. ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದು ಸತ್ತ ಹೆಂಗಸೊಬ್ಬಳ ಶ್ವಾಸಕೋಶದ ವೃತ್ತಾಂತವು 1924ರಲ್ಲಿಯೇ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಎಂಬವರು ಸರಕಾರಕ್ಕೆ ವರದಿಯೊಪ್ಪಿಸಿದರು. 1931ರಲ್ಲಿ ಧೂಳನ್ನು ತಡೆಯುವ ನಿಯಮಗಳೂ ಹುಟ್ಟಿದವು. ಮೀಸೋಥೀಲಿಯೋಮಾಕ್ಕೂ ಕಲ್ನಾರಿಗೂ ಇರುವ ಸಂಬಂಧವನ್ನು ದಕ್ಷಿಣ ಆಫ್ರಿಕದ ವ್ಯಾಗ್ನರ್ ಮೊದಲಾದವರು 1960ರಲ್ಲಿ ತೋರಿಸಿಕೊಟ್ಟರು. ತಿಳಿಯಬೇಕಾದವರಿಗೆ ತಿಳಿದಿತ್ತು. ತಿಳಿಯದೆ ಇದ್ದವನು ಕೂಲಿಯವನೊಬ್ಬನೇ. ಹೀಗಿರಲು ತಡಮಾಡಿದ ಅಪರಾಧವನ್ನು ಅವನ ತಲೆಗೇ ಕಟ್ಟುವುದು ಎಂತಹ ನೀತಿ?

ಸ್ವಿಟ್ಸರ್ಲೆಂಡಿನ ಸಂಗತಿಯನ್ನು ನೋಡಿರಿ. ಯಂತ್ರಶಾಲೆಯೊಂದರಲ್ಲಿ 1960, 1970ರ ದಶಕಗಳಲ್ಲಿ ಕಲ್ನಾರಿನ ನಡುವೆ ದುಡಿದವನೊಬ್ಬನಿಗೆ 2004ರಲ್ಲಿ ರೋಗವೆಂದು ಗೊತ್ತಾಯಿತು, ಮರುವರುಷವೇ ತೀರಿಕೊಂಡನು. ಹೆಂಡತಿಮಕ್ಕಳು ಪರಿಹಾರ ಕೇಳಿದರೆ, ಧೂಳು ತಗಲಿದ ದಿನದಿಂದ ಹತ್ತು ವರುಷಕ್ಕೆ ಹಕ್ಕು ತೀರಿತೆಂದು ಅಲ್ಲಿಯ ನ್ಯಾಯಸ್ಥಾನಗಳು ತಳ್ಳಿಹಾಕಿದವು. ಈ ಲೆಕ್ಕದಂತೆ ಹಕ್ಕು ಸತ್ತದ್ದು ಮೊದಲು, ರೋಗ ಹುಟ್ಟಿದ್ದು ಅನಂತರ! ಸ್ಟ್ರಾಸ್‌ಬರ್ಗಿನಲ್ಲಿರುವ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು 2014ರ ಮಾರ್ಚ್ 11ರಂದು ಇದನ್ನು ಖಂಡಿಸಿತು. ರೋಗವಿರುವುದು ತಿಳಿಯಲು ಸಾಧ್ಯವಿಲ್ಲದವನಿಗೆ ನ್ಯಾಯಾಲಯದ ದಾರಿಯನ್ನೇ ಮುಚ್ಚಿದಂತಾಯಿತೆಂಬುದು ಅದರ ಅಭಿಪ್ರಾಯದ ಸಾರ. ಆಮೇಲೆ ಆ ದೇಶವು 2020ರಿಂದ ಮುದ್ದತನ್ನು ಇಪ್ಪತ್ತು ವರುಷಕ್ಕೆ ಏರಿಸಿತು. ಮೂವತ್ತು ನಲವತ್ತು ವರುಷ ಕಾಯುವ ರೋಗಕ್ಕೆ ಇಪ್ಪತ್ತು ವರುಷದ ಔದಾರ್ಯ!

ಇಟಲಿಯ ಕಾಸಾಲೆ ಮೊನ್ಫೆರ್ರಾತೊ ಎಂಬ ಊರಿನದು ಇನ್ನೂ ದಾರುಣವಾದ ಕಥೆ. ಅಲ್ಲಿಯ ಎಟರ್ನಿಟ್ ಕಾರ್ಖಾನೆ 1907ರಿಂದ 1986ರ ವರೆಗೆ ನಡೆಯಿತು. ಕೂಲಿಕಾರರು ಮಾತ್ರವಲ್ಲ, ಅವರ ಬಟ್ಟೆ ಒಗೆದ ಹೆಂಡಂದಿರೂ, ಕಾರ್ಖಾನೆಯ ಹೊಸ್ತಿಲನ್ನೇ ತುಳಿಯದ ನೆರೆಹೊರೆಯವರೂ ಸತ್ತರು. ಟ್ಯೂರಿನ್ ನ್ಯಾಯಾಲಯವು 2012ರಲ್ಲಿ ಒಡೆತನ ನಡೆಸಿದ್ದ ಇಬ್ಬರಿಗೆ ಹದಿನಾರು ವರುಷಗಳ ಶಿಕ್ಷೆಯನ್ನೂ, ನೊಂದವರಿಗೆ ಪರಿಹಾರವನ್ನೂ ವಿಧಿಸಿತು. 2014ರ ನವೆಂಬರಿನಲ್ಲಿ ರೋಮಿನ ಉಚ್ಚ ನ್ಯಾಯಪೀಠವು ಎಲ್ಲವನ್ನೂ ಅಳಿಸಿತು. ಕಾರ್ಖಾನೆ ಮುಚ್ಚಿದ ದಿನವೇ ಅಪರಾಧವೂ ಮುಗಿಯಿತು, ಆದುದರಿಂದ ಕಾಲ ಮೀರಿತು ಎಂಬುದು ಕಾರಣ. ಕಾರ್ಖಾನೆಗೆ ಬೀಗ ಬಿದ್ದಿತು ನಿಜ. ಎದೆಯೊಳಗಿನ ಎಳೆಗಳಿಗೆ ಯಾರು ಬೀಗ ಹಾಕಿದರು?

ಪ್ರತಿಪಕ್ಷದವರ ಮಾತನ್ನೂ ಕೇಳೋಣ. ಹಳೆಯ ವ್ಯಾಜ್ಯಗಳಲ್ಲಿ ಸಾಕ್ಷಿಗಳು ಸತ್ತಿರುತ್ತಾರೆ, ಕಾಗದಪತ್ರ ಕಳೆದುಹೋಗಿರುತ್ತವೆ. ಯಾವ ವ್ಯಾಪಾರಿಯೂ ಕೊನೆಯಿಲ್ಲದ ಹೊಣೆಯನ್ನು ಹೊತ್ತು ಬಾಳಲಾರನು ಎನ್ನುತ್ತಾರೆ. ಮಾತು ತೀರ ತಿರಸ್ಕಾರಯೋಗ್ಯವಲ್ಲ. ಆದರೆ ಆ ಕಾಗದಪತ್ರಗಳನ್ನು ಇಟ್ಟುಕೊಂಡವರು ಯಾರು? ಹಾಜರಿ ಪುಸ್ತಕ, ಧೂಳಿನ ಅಳತೆ, ವೈದ್ಯನ ಪರೀಕ್ಷೆ ಎಲ್ಲವೂ ಮಾಲಿಕನ ಪೆಟ್ಟಿಗೆಯಲ್ಲಿ. ತಾನೇ ಕಾಪಾಡಬೇಕಾಗಿದ್ದ ಸಾಕ್ಷ್ಯವು ನಷ್ಟವಾಯಿತೆಂಬುದನ್ನು ತನ್ನ ರಕ್ಷಣೆಗೇ ಹಿಡಿಯುವುದು ಸಲ್ಲದು. ಇನ್ನು ಲಾಭವನ್ನು ಮಕ್ಕಳ ಕಾಲಕ್ಕೂ ಉಳಿಸಿಕೊಳ್ಳಬಹುದಾದರೆ, ಹೊಣೆಯನ್ನು ಮಾತ್ರ ಹತ್ತು ವರುಷಕ್ಕೆ ಇಳಿಸಿಡುವುದು ಹೇಗೆ?

ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಇಂಗ್ಲೆಂಡೇ ನಿದರ್ಶನ. ಉಕ್ಕಿನ ಕೆಲಸದಲ್ಲಿ ಧೂಳು ನುಂಗಿದವರ ವ್ಯಾಜ್ಯದಲ್ಲಿ 1963ರಲ್ಲಿ ಅಲ್ಲಿಯ ಪ್ರಭುಸಭೆಯ ನ್ಯಾಯಾಧೀಶರು, ಅನ್ಯಾಯವೆಂದು ಒಪ್ಪಿಕೊಂಡೇ, ಕಾಯಿದೆಗೆ ಕಟ್ಟುಬಿದ್ದು ಕಾಲ ಮೀರಿತೆಂದರು. ಅದೇ ವರುಷ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿತು. ಇಂದು ಅಲ್ಲಿ ಮೂರು ವರುಷದ ಮುದ್ದತು ರೋಗಿಗೆ ತಿಳಿವಳಿಕೆ ಬಂದ ದಿನದಿಂದ ಮೊದಲಾಗುತ್ತದೆ. ಹಲವು ಮಾಲಿಕರ ಬಳಿ ದುಡಿದವನು ಯಾರ ಎಳೆ ತನ್ನನ್ನು ಕೊಂದಿತೆಂದು ತೋರಿಸಲಾರನೆಂಬ ತಡೆಯನ್ನು 2002ರ ತೀರ್ಪು ತೆಗೆದುಹಾಕಿತು. 2006ರ ಕಾಯಿದೆಯು ಅವರಲ್ಲಿ ಯಾರೊಬ್ಬನಿಂದಲಾದರೂ ಪೂರ್ತಿ ಪರಿಹಾರ ಪಡೆಯಬಹುದೆಂದಿತು. ಮಾಲಿಕನೂ ವಿಮಾ ಕಂಪೆನಿಯೂ ಪತ್ತೆಯಾಗದಿದ್ದರೆ ವಿಮಾ ಕಂಪೆನಿಗಳಿಂದ ಎತ್ತಿದ ನಿಧಿಯಿಂದ ಕೊಡಬೇಕೆಂದು 2014ರ ಕಾಯಿದೆ ವಿಧಿಸಿತು. ಇದರಿಂದ ಆ ದೇಶದ ವ್ಯಾಪಾರವೇನೂ ಮುಳುಗಲಿಲ್ಲ.

ನಮ್ಮಲ್ಲಿ? 1995ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಕೂಲಿಕಾರನ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸಾರಿತು. ಕಲ್ನಾರಿನ ರೋಗ ತಗಲಿದವನೆಂದು ಪರೀಕ್ಷೆಯಿಂದ ಸಿದ್ಧವಾದವನಿಗೆ ಒಂದು ಲಕ್ಷ ರೂಪಾಯಿ ಕೊಡಬೇಕು. ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ನಲವತ್ತು ವರುಷ, ಇಲ್ಲವೆ ಬಿಟ್ಟ ಮೇಲೆ ಹದಿನೈದು ವರುಷ, ಯಾವುದು ಹಿಂದಾಗುವುದೋ ಅಲ್ಲಿಯ ವರೆಗೆ ಇಡಬೇಕು ಎಂದಿತು. ಮಹತ್ತಾದ ತೀರ್ಪು; ವಂದಿಸುತ್ತೇವೆ. ಆದರೂ ಲೆಕ್ಕ ಹಾಕಿರಿ. ಇಪ್ಪತ್ತನೆಯ ವಯಸ್ಸಿಗೆ ಸೇರಿ ಮೂವತ್ತಕ್ಕೆ ಕೆಲಸ ಬಿಟ್ಟವನ ದಾಖಲೆಯನ್ನು ಅವನ ಅರುವತ್ತನೆಯ ವಯಸ್ಸಿಗೆ ಸುಡಬಹುದು. ರೋಗವು ಅರುವತ್ತೈದಕ್ಕೆ ಬಂದರೆ? ಗುತ್ತಿಗೆದಾರನ ಕೈಕೆಳಗೆ ದುಡಿದು ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನ ಗತಿಯೇನು?

1923ರ ಕೂಲಿಕಾರರ ಪರಿಹಾರ ಕಾಯಿದೆಯು ಕಲ್ನಾರಿನ ರೋಗವನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತ್ತು. ಆದರೆ ಕೆಲಸ ಬಿಟ್ಟವನಿಗೆ ರೋಗದ ಲಕ್ಷಣವು ಎರಡು ವರುಷದೊಳಗೆ ಕಾಣಿಸಿಕೊಂಡರೆ ಮಾತ್ರ ಅದು ಕಂಡ ದಿನದಿಂದ ಮುದ್ದತನ್ನು ಎಣಿಸುವ ಅನುಕೂಲವಿತ್ತು. ತಡವಾದ ಅರ್ಜಿಯನ್ನು ಸಕಾರಣವಿದ್ದರೆ ಮನ್ನಿಸುವ ಅಧಿಕಾರವು ಕಮಿಷನರಿಗಿತ್ತೆಂಬುದು ದಿಟ. ಆದರೆ ಹಕ್ಕಾಗಬೇಕಾದುದು ದಯೆಯಾಯಿತು. ಆ ಕಾಯಿದೆಯ ಸ್ಥಾನಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸಂಹಿತೆಗಳ ಹೆಸರು ಎಷ್ಟು ದೊಡ್ಡದಾದರೇನು, ಮೂವತ್ತು ವರುಷ ಅಡಗಿ ಕುಳಿತ ರೋಗಿಗೆ ಬಾಗಿಲು ತೆರೆಯದಿದ್ದರೆ?

ನಾವು ಬೇಡುವುದು ಮೂರು. ಮುದ್ದತು, ರೋಗವೂ ಅದರ ಕಾರಣವೂ ರೋಗಿಗೆ ತಿಳಿದ ದಿನದಿಂದಲೇ ಮೊದಲಾಗತಕ್ಕದ್ದು. ದಾಖಲೆಯನ್ನು ಕೂಲಿಕಾರನ ಜೀವಮಾನ ಪರ್ಯಂತ ಇಟ್ಟು, ಅದರ ಪ್ರತಿಯೊಂದನ್ನು ಕೆಲಸ ಬಿಡುವ ದಿನವೇ ಅವನ ಕೈಗೆ ಕೊಡತಕ್ಕದ್ದು. ಮಾಲಿಕನು ಇಲ್ಲವಾದಲ್ಲಿ ಕಲ್ನಾರಿನಿಂದ ಲಾಭ ಪಡೆದ ಉದ್ಯಮವೇ ತುಂಬಿದ ನಿಧಿಯಿಂದ ಪರಿಹಾರ ಸಲ್ಲತಕ್ಕದ್ದು.

ಕಾಯಿದೆ ತಿದ್ದುವ ವರೆಗೆ ಸುಮ್ಮನಿರಬೇಕಾಗಿಯೂ ಇಲ್ಲ. ಅಂತಹ ಕಾರ್ಖಾನೆಯಲ್ಲಿಯೋ ಗಣಿಯಲ್ಲಿಯೋ ದುಡಿದ ಹಿರಿಯರು ಮನೆಯಲ್ಲಿದ್ದರೆ, ಅವರ ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದ, ಜೊತೆಗೆ ದುಡಿದವರ ಹೆಸರುಗಳನ್ನು ಇಂದೇ ಕೂಡಿಸಿಡಿರಿ. ಉಬ್ಬಸವೆಂದು ವೈದ್ಯರ ಬಳಿಗೆ ಹೋದಾಗ ಹಿಂದೆ ಮಾಡಿದ ಕೆಲಸವನ್ನು ತಪ್ಪದೆ ಹೇಳಿಸಿರಿ, ಬರೆಯಿಸಿಕೊಳ್ಳಿರಿ. ಓದುಬರಹ ಬಲ್ಲ ಮನೆಗಳು, ಓದುಬರಹವಿಲ್ಲದ ನೆರೆಯವರಿಗೂ ಇಷ್ಟನ್ನು ಮಾಡಿಕೊಟ್ಟರೆ, ನಾಳೆ ನ್ಯಾಯಾಧೀಶನ ಮುಂದೆ ‘ಸಾಕ್ಷ್ಯವೆಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಿರುತ್ತದೆ. ‘ಏಕೆ ತಡವಾಯಿತು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾತ್ರ ಧೂಳು ನುಂಗಿದವರಲ್ಲ.