ವೀಸಾ ದಾರಿ ನಮ್ಮ ಊರಿಗೂ ತಿಳಿಯಲಿ



ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ಕವಿ ವಿ.ಕೃ. ಗೋಕಾಕರು 1936ರಲ್ಲೇ ಆಕ್ಸ್‌ಫರ್ಡಿಗೆ ಹೋಗಿ ಓದಿದರು. ಆದರೆ ಇಂದು ಇದೇ ಜಿಲ್ಲೆಯ ಹಾನಗಲ್ಲ, ಹಿರೇಕೆರೂರಿನ ಮಕ್ಕಳಿಗೆ ಅಮೆರಿಕದ ಜೆ-1 ವಿನಿಮಯ ವೀಸಾ ಎಂಬುದೊಂದಿದೆ ಎಂದು ಹೇಳುವವರೇ ಸಿಗುವುದಿಲ್ಲ. ಮೊದಲು ಅಲ್ಲಿನ ವಿಶ್ವವಿದ್ಯಾಲಯ ಅಥವಾ ಪ್ರಾಯೋಜಕ ಸಂಸ್ಥೆ ಡಿಎಸ್-2019 ಎಂಬ ಅರ್ಹತಾ ಪತ್ರ ಕೊಡಬೇಕು. ಆಮೇಲೆ ಶುಲ್ಕ, ಸಂದರ್ಶನ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆದಾಗಲೂ ವೀಸಾ ಸೇವೆ ಜೊತೆಗೆ ಬರಲಿಲ್ಲ. ಚೆನ್ನೈ, ಹೈದರಾಬಾದಿನ ಅಲೆದಾಟ ತಪ್ಪಲಿಲ್ಲ. ಜೆ-1 ಮುಗಿಸಿದವರು ವಾಪಸಾಗಿ ಎರಡು ವರ್ಷ ಸ್ವದೇಶದಲ್ಲೇ ಇರಬೇಕೆನ್ನುವ ಅಮೆರಿಕದ ಕೌಶಲ ಪಟ್ಟಿಯಿಂದ ಭಾರತವನ್ನು 2024ರ ಡಿಸೆಂಬರಿನಲ್ಲಿ ಕೈಬಿಟ್ಟರು. ಸರ್ಕಾರದ ಹಣದಲ್ಲಿ ಹೋದವರಿಗೆ, ಅಲ್ಲಿ ವೈದ್ಯಕೀಯ ತರಬೇತಿ ಪಡೆಯುವ ವೈದ್ಯರಿಗೆ ಮಾತ್ರ ಆ ಕಟ್ಟು ಉಳಿದಿದೆ. ಇಂಥದ್ದೆಲ್ಲ ಏಜೆಂಟರ ಬಾಯಿಂದಲೇ ಕೇಳಬೇಕೇ?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ವಾರಕ್ಕೊಂದು ದಿನ ಅಲ್ಲಿ ಉಚಿತ ವೀಸಾ ಮಾರ್ಗದರ್ಶನ ಸಿಗುವಂತೆ ಸಂಬಂಧಪಟ್ಟವರು ಮಾಡಲಿ. ವಿನಿಮಯವೆಂದ ಮೇಲೆ ಹೊರದೇಶದ ವಿದ್ವಾಂಸರೂ ನಮ್ಮ ಡೊಳ್ಳು, ಲಾವಣಿ ಕೇಳಲು ಬರಲಿ.

– ನಿವೃತ್ತ ಶಿಕ್ಷಕ, ಸವಣೂರು