ಬೇಲಿಯೂ ಬೇಕು, ಬಾಗಿಲೂ ಬೇಕು

2025ರ ಫೆಬ್ರವರಿ 5ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸೇನಾ ವಿಮಾನವೊಂದು ಅಮೃತಸರದಲ್ಲಿ ಇಳಿಯಿತು. ಅದರಲ್ಲಿದ್ದವರು 104 ಮಂದಿ ಭಾರತೀಯರು. ಆ ದೇಶದಲ್ಲಿ ಅಕ್ರಮವಾಗಿ ನೆಲೆಸಿದವರೆಂಬ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳುಹಿಸಲಾಗಿತ್ತು. ದೀರ್ಘ ಪ್ರಯಾಣದುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸರಪಳಿ ತೊಡಿಸಲಾಗಿತ್ತೆಂದು ಅವರಲ್ಲಿ ಹಲವರು ಹೇಳಿಕೊಂಡರು. ಹೊಲ ಮಾರಿ, ಸಾಲ ಮಾಡಿ ದಲ್ಲಾಳಿಗಳಿಗೆ ಹಣ ತೆತ್ತವರ ಕಥೆಗಳು ಅನಂತರ ಪತ್ರಿಕೆಗಳಲ್ಲಿ ಬಂದವು.

ಆ ಭಾನುವಾರ ಬಲಿಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿಯೂ ಇದೇ ಮಾತು. ಮಗನನ್ನು ಅಮೆರಿಕಕ್ಕೆ ಉದ್ಯೋಗಕ್ಕೆ ಕಳುಹಿಸಿರುವ ಹಿರಿಯರೊಬ್ಬರು ತುಸು ಕಟುವಾಗಿಯೇ ಕೇಳಿದರು: "ಫಾದರ್, ನನ್ನ ಮಗ ಹನ್ನೆರಡು ವರ್ಷಗಳಿಂದ ಗ್ರೀನ್ ಕಾರ್ಡಿಗಾಗಿ ಕಾಯುತ್ತಿದ್ದಾನೆ. ತೆರಿಗೆ ಕಟ್ಟುತ್ತಾನೆ, ಒಂದು ನಿಯಮವನ್ನೂ ಮುರಿದವನಲ್ಲ. ಹಿತ್ತಿಲ ಬಾಗಿಲಿನಿಂದ ನುಗ್ಗಿದವರ ಮೇಲೆ ಕನಿಕರವೇಕೆ?" ಪಕ್ಕದಲ್ಲಿ ನಿಂತಿದ್ದ ತಾಯಿಯೊಬ್ಬರು ತಲೆ ತಗ್ಗಿಸಿದರು. ಅವರ ಮಗ ಕೊಲ್ಲಿ ರಾಷ್ಟ್ರವೊಂದರಲ್ಲಿ ವೀಸಾ ಅವಧಿ ಮುಗಿದು, ಪಾಸ್‌ಪೋರ್ಟ್ ಮಾಲೀಕನ ವಶದಲ್ಲಿ ಸಿಲುಕಿ, ಎರಡು ವರ್ಷ ಅಡಗಿ ಬಾಳಿದವನು; ಅಲ್ಲಿನ ಸರಕಾರ 2018ರಲ್ಲಿ ಕ್ಷಮಾದಾನ ಸಾರಿದಾಗ ಊರು ಸೇರಿದವನು.

ಇಬ್ಬರೂ ನಮ್ಮವರೇ. ಇಬ್ಬರಿಗೂ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು.

ಹಿರಿಯರ ಮಾತಿನಲ್ಲಿ ನ್ಯಾಯವಿದೆ. ಗಡಿಯಿಲ್ಲದ ರಾಷ್ಟ್ರವು ಬೇಲಿಯಿಲ್ಲದ ಹೊಲದಂತೆ. ಅದರ ಫಲ ಯಾರಿಗೂ ದಕ್ಕದು. ಧರ್ಮಸಭೆ ಇದನ್ನು ಎಂದೂ ಅಲ್ಲಗಳೆದಿಲ್ಲ. ಭದ್ರತೆಯನ್ನೂ ಜೀವನೋಪಾಯವನ್ನೂ ಅರಸಿ ಬರುವ ಪರಕೀಯನನ್ನು ಸಂಪನ್ನ ರಾಷ್ಟ್ರಗಳು ತಮ್ಮ ಶಕ್ತಿಯಿದ್ದಷ್ಟು ಬರಮಾಡಿಕೊಳ್ಳಬೇಕೆಂದು ಬೋಧಿಸುವ ನಮ್ಮ ಧರ್ಮೋಪದೇಶ ಗ್ರಂಥವು, ಅದೇ ಜಾಗದಲ್ಲಿ, ವಲಸಿಗರು ಆಶ್ರಯವಿತ್ತ ನಾಡಿನ ಕಾನೂನಿಗೆ ಬದ್ಧರಾಗಿರಬೇಕೆಂದೂ ಬೋಧಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

ಆದರೆ ಕಾನೂನು ಎಂದರೇನು? ಸಂತ ತೋಮಸ್ ಅಕ್ವಿನಾಸರ ಪ್ರಕಾರ ಅದು ಸಮಾಜದ ಹೊಣೆ ಹೊತ್ತವರು ಸರ್ವರ ಹಿತಕ್ಕಾಗಿ ವಿಧಿಸಿ ಸಾರಿದ ವಿವೇಕದ ಕಟ್ಟಳೆ. ವಿವೇಕವೂ ಸರ್ವಹಿತವೂ ಇಲ್ಲದೆಡೆ ಉಳಿಯುವುದು ಬಲಪ್ರಯೋಗ ಮಾತ್ರ. ಈ ಒರೆಗಲ್ಲಿಗೆ ಅಮೆರಿಕದ ವಲಸೆ ನೀತಿಯನ್ನು ತಿಕ್ಕಿ ನೋಡೋಣ.

1986ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನಿನಿಂದ ಸುಮಾರು 27 ಲಕ್ಷ ಅಕ್ರಮ ನಿವಾಸಿಗಳು ಸಕ್ರಮರಾದರು. ಅಕ್ರಮ ವಲಸಿಗರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ದಂಡನೆಯೆಂದೂ ಅದೇ ಕಾನೂನು ಹೇಳಿತ್ತು. ಮೊದಲನೆಯದು ನಡೆಯಿತು, ಎರಡನೆಯದು ಸಡಿಲವಾಯಿತು. ಹೊಲಗಳಿಗೆ, ಕಟ್ಟಡ ಕೆಲಸಕ್ಕೆ, ಮಾಂಸದ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು. ಆದರೆ 1990ರ ಕಾನೂನು ಉದ್ಯೋಗದ ಆಧಾರದ ಮೇಲೆ ಶಾಶ್ವತ ನೆಲೆ ನೀಡಲು ವರ್ಷಕ್ಕೆ ಇರಿಸಿದ 1,40,000 ಸ್ಥಾನಗಳಲ್ಲಿ, ವಿಶೇಷ ಕೌಶಲವಿಲ್ಲದ ಶ್ರಮಿಕರಿಗೆ ಮೀಸಲಾದದ್ದು ಹೆಚ್ಚೆಂದರೆ 10,000. ಒಂದು ಕೈ ದುಡಿಮೆಗೆ ಕರೆಯುತ್ತದೆ, ಇನ್ನೊಂದು ಕೈ ಬಾಗಿಲು ಮುಚ್ಚುತ್ತದೆ. ಹಿತ್ತಿಲಿನಿಂದ ಬಂದವನ ತಪ್ಪು ತಪ್ಪೇ; ಆದರೆ ಹಿತ್ತಿಲ ಚಿಲಕ ತೆಗೆದಿಟ್ಟವರೂ ಇದ್ದರೆಂಬುದನ್ನು ಮರೆಯಬಾರದು.

1996ರಲ್ಲಿ ಇನ್ನೊಂದು ಕಾನೂನು ಬಂದಿತು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಕ್ರಮವಾಗಿ ಉಳಿದವನು ದೇಶ ಬಿಟ್ಟರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಉದ್ದೇಶ ಹೆದರಿಸುವುದು, ಪರಿಣಾಮ ಬೇರೆ. ಸ್ವದೇಶಕ್ಕೆ ಹೋಗಿ ಕ್ರಮಬದ್ಧವಾಗಿ ವೀಸಾ ಪಡೆಯಬಯಸಿದವನೂ ಹೆಂಡತಿ ಮಕ್ಕಳನ್ನು ಹತ್ತು ವರ್ಷ ಅಗಲುವ ಭಯದಿಂದ ಅಲ್ಲಿಯೇ ಅಡಗಿ ಉಳಿದ. 2013ರಲ್ಲಿ ಸುಧಾರಣೆಯ ಮಸೂದೆಯೊಂದು ಸೆನೆಟ್‌ನಲ್ಲಿ 68–32 ಮತಗಳಿಂದ ಅಂಗೀಕಾರವಾಯಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. ಹೀಗೆ ಒಂದು ಕೋಟಿಗೂ ಅಧಿಕ ಜನ ಕಾನೂನಿನ ನೆರಳಿನಲ್ಲಿ ಉಳಿದರು. ಅವರಲ್ಲಿ ಬಹಳಷ್ಟು ಮಂದಿ ಗಡಿ ನುಸುಳಿದವರಲ್ಲ. ವೀಸಾ ಪಡೆದು ಬಂದು ಅವಧಿ ಮೀರಿ ನಿಂತವರು.

2018ರಲ್ಲಿ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಲಾಯಿತು. ಲೋಕವೆಲ್ಲ ಮರುಗಿದ ಮೇಲೆ ಆ ಕ್ರಮ ನಿಂತಿತು. 2025ರ ಜನವರಿಯಲ್ಲಿ ದೇವಾಲಯ, ಶಾಲೆ, ಆಸ್ಪತ್ರೆಗಳಲ್ಲಿ ಬಂಧನ ನಡೆಸದಂತೆ ಇದ್ದ ಸಂಯಮವನ್ನೂ ಸರಕಾರ ಕೈಬಿಟ್ಟಿತು. ಅದೇ ಜುಲೈನಲ್ಲಿ ಕ್ಯಾಲಿಫೋರ್ನಿಯದ ಸಾನ್ ಬರ್ನಾರ್ಡಿನೋ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರು, ಬಂಧನದ ಭಯವುಳ್ಳವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯದಿಂದ ವಿನಾಯಿತಿ ನೀಡಬೇಕಾಯಿತು. ಪ್ರಿಯ ಓದುಗರೇ, ಪೂಜೆಗೆ ಬರಲು ಅಂಜುವ ಕುಟುಂಬವನ್ನು ಕ್ಷಣಕಾಲ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿ.

ದಿವಂಗತ ಜಗದ್ಗುರು ಫ್ರಾನ್ಸಿಸರು 2025ರ ಫೆಬ್ರವರಿ 10ರಂದು ಅಲ್ಲಿನ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಹಿಂಸಾಚಾರಿಗಳಿಂದ ತನ್ನ ಜನರನ್ನು ಕಾಯುವ ಹಕ್ಕು ರಾಷ್ಟ್ರಕ್ಕಿದೆಯೆಂದು ಒಪ್ಪಿದರು. ಆದರೆ ಬಡತನ, ಶೋಷಣೆಗಳಿಂದ ಪಾರಾಗಲು ಬಂದವರನ್ನು ಸಾರಾಸಗಟಾಗಿ ಹೊರದೂಡುವುದು ಮಾನವ ಘನತೆಗೆ ಧಕ್ಕೆಯೆಂದು ಎಚ್ಚರಿಸಿದರು. ಅಪರಾಧಿಯನ್ನು ಹಿಡಿಯುವುದು ಬೇರೆ, ಬಡವನನ್ನೇ ಅಪರಾಧಿಯಾಗಿ ಕಾಣುವುದು ಬೇರೆ. ಅಕ್ರಮವೆಂಬುದು ಕೃತ್ಯಕ್ಕೆ ಸಲ್ಲುವ ವಿಶೇಷಣ, ವ್ಯಕ್ತಿಗೆ ಸಲ್ಲುವುದಲ್ಲ.

ಇನ್ನು ಹಿರಿಯರ ಮಗನ ಮಾತು. ಅವನ ಸರದಿಯನ್ನು ಕಸಿದವರು ಕಾಗದಪತ್ರವಿಲ್ಲದ ಕೂಲಿಗಳಲ್ಲ. ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ದೊರೆಯಕೂಡದೆಂಬ ನಿಯಮವೇ ಭಾರತೀಯರ ಸಾಲನ್ನು ಅಷ್ಟು ಉದ್ದವಾಗಿಸಿದೆ. ಸಕ್ರಮವಾಗಿ ಬನ್ನಿರೆಂದ ಸರಕಾರವೇ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವನ್ನು ಘೋಷಿಸಿತು. ಸಾಲಿನಲ್ಲಿ ನಿಂತವನೂ ಸಾಲು ತಪ್ಪಿದವನೂ ಒಂದೇ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದಾರೆ. ಅವರು ಪರಸ್ಪರ ಹಗೆಗಳಾಗಬೇಕಾದ ಕಾರಣವಿಲ್ಲ.

ನಮ್ಮ ಕರ್ತವ್ಯವೇನು? ಮೊದಲನೆಯದಾಗಿ, ದಲ್ಲಾಳಿಯ ಮಾತಿಗೆ ಮರುಳಾಗಿ ಮಕ್ಕಳನ್ನು ಅಡ್ಡದಾರಿಯಲ್ಲಿ ಕಳುಹಿಸದಿರೋಣ. 1983ರ ವಲಸೆ ಕಾಯಿದೆಯಂತೆ ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರು ಸರಕಾರದಲ್ಲಿ ನೋಂದಾಯಿತರಾಗಿರಬೇಕು. ಹಣ ಕೊಡುವ ಮುನ್ನ ಅದನ್ನು ವಿಚಾರಿಸಿ. ಎರಡನೆಯದಾಗಿ, ದಾರಿತಪ್ಪಿ ಮರಳಿದವನನ್ನು ಮನೆಯ ಅವಮಾನವೆಂದು ಕಾಣದಿರೋಣ.

ಹನ್ನೆರಡನೆಯ ಭಕ್ತಿನಾಥರು 1952ರಲ್ಲಿ ವಲಸಿಗರ ಕುರಿತು ಹೊರಡಿಸಿದ ಶಾಸನದಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗರಿಗೆ ಆದರ್ಶವಾಗಿ ತೋರಿಸಿದರು. ಆ ಕುಟುಂಬದ ಚಿತ್ರ ನಮ್ಮ ಮನೆಗಳ ಗೋಡೆಯ ಮೇಲಿದೆ. ಅದರ ಮುಂದೆ ಇಂದು ರಾತ್ರಿ ಜಪಸರ ಹಿಡಿಯುವಾಗ ಸಾಲಿನಲ್ಲಿ ಕಾಯುತ್ತಿರುವ ಆ ಮಗನನ್ನೂ, ತಲೆ ತಗ್ಗಿಸಿದ ಆ ತಾಯಿಯನ್ನೂ ಒಟ್ಟಿಗೇ ನೆನೆಯೋಣ.