ಮಾಮುವಿನ ಡಬ್ಬಿ, ನನ್ನ ಫೋನು

ದಸರಾ ರಜೆಯಲ್ಲಿ ಚನ್ನರಾಯಪಟ್ಟಣದ ಮಾಮು ಮನೆಗೆ ಹೋಗಿದ್ದೆ. ಮಾಮು ಬಾಡಿಗೆ ಕಾರು ಓಡಿಸುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿ ವಾಪಸ್ ಬಿಡುವುದು ಅವರ ಕೆಲಸ. ಕಾರಿನ ಮುಂದಿನ ಗಾಜಿಗೆ ಒಂದು ಹಳೆಯ ನ್ಯಾವಿಗೇಶನ್ ಯಂತ್ರ ಅಂಟಿಸಿಕೊಂಡಿದ್ದಾರೆ. ಮನೆಯಲ್ಲಿ ಎಲ್ಲರೂ ಅದನ್ನು 'ಡಬ್ಬಿ' ಎನ್ನುತ್ತಾರೆ. ಸೆಪ್ಟೆಂಬರ್ 27, ಶನಿವಾರ ಬೆಳಿಗ್ಗೆ ಮಾಮು ಡಬ್ಬಿ ಚಾಲೂ ಮಾಡಿದಾಗ ಪರದೆಯ ಮೂಲೆಯಲ್ಲಿ ಬಂದ ದಿನಾಂಕ 11 ಫೆಬ್ರವರಿ 2006. ವಾರ ಮಾತ್ರ ಸರಿಯಾಗಿತ್ತು, ಶನಿವಾರ.

ನಾನು ಜೋರಾಗಿ ನಕ್ಕೆ. ಮಾಮುಗೆ ಬೇಜಾರಾಯಿತು. ಆಮೇಲೆ ಕಾರಣ ಹುಡುಕಿದಾಗ ನಗಬಾರದಿತ್ತು ಅನ್ನಿಸಿತು. ಜಿಪಿಎಸ್ ಉಪಗ್ರಹಗಳು ಕಾಲವನ್ನು ವಾರಗಳಲ್ಲಿ ಎಣಿಸುತ್ತವೆ. ಹಳೆಯ ಸಂಕೇತದಲ್ಲಿ ಆ ಎಣಿಕೆಗೆ ಮೀಸಲಾದ ಜಾಗ 10 ಬಿಟ್ ಮಾತ್ರ. ಅಂದರೆ 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತದೆ. ಹಾಗೆ ಸೊನ್ನೆಗೆ ಮರಳಿದ್ದು ಮೊದಲು 1999ರ ಆಗಸ್ಟ್‌ನಲ್ಲಿ, ಎರಡನೆಯ ಸಲ 2019ರ ಏಪ್ರಿಲ್‌ನಲ್ಲಿ. ತಂತ್ರಾಂಶ ನವೀಕರಿಸದ ಹಳೆಯ ಯಂತ್ರಗಳು ಅಂದಿನಿಂದ 1024 ವಾರ, ಅಂದರೆ ಹತ್ತಿರ ಹತ್ತಿರ 20 ವರ್ಷ ಹಿಂದೆ ಬದುಕುತ್ತಿವೆ. ವಾರಗಳ ಲೆಕ್ಕವಾದ್ದರಿಂದ ಶನಿವಾರ ಶನಿವಾರವಾಗಿಯೇ ಉಳಿಯಿತು. 2006ರ ಫೆಬ್ರವರಿಯೆಂದರೆ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದ ತಿಂಗಳು. "ನೋಡು, ನನ್ನ ಡಬ್ಬಿಗೆ ಸೀಸನ್ ಯಾವುದು ಅಂತ ಗೊತ್ತು" ಅಂದರು ಮಾಮು.

ಅವರ ಡಬ್ಬಿಗೆ ಇದಕ್ಕಿಂತ ದೊಡ್ಡ ದೋಷ ಒಂದಿದೆ. ಅದರ ನಕ್ಷೆ ಕೊಂಡ ದಿನದ್ದೇ. ಬೆಂಗಳೂರು–ಹಾಸನ ಚತುಷ್ಪಥದ ಕೆಲವು ಕಡೆ ಕಾರು ಹೆದ್ದಾರಿಯಲ್ಲಿ ಹೋಗುತ್ತಿದ್ದರೂ ಪರದೆಯ ಮೇಲೆ ತೆಂಗಿನ ತೋಟದ ನಡುವೆ ತೇಲಿಕೊಂಡು ಹೋಗುತ್ತಿರುತ್ತದೆ. ಈಗಿನ 75ನೇ ರಾಷ್ಟ್ರೀಯ ಹೆದ್ದಾರಿಯನ್ನು ಅದು ಇನ್ನೂ ಹಳೆಯ ಸಂಖ್ಯೆಯಲ್ಲಿ 48 ಎಂದೇ ಕರೆಯುತ್ತದೆ. ಹೊಸ ನಕ್ಷೆ ಹಾಕಬೇಕಾದರೆ ಕಂಪ್ಯೂಟರ್‌ಗೆ ಜೋಡಿಸಬೇಕು, ಗಂಟೆಗಟ್ಟಲೆ ಕಾಯಬೇಕು. ಮಾಮು ಆ ಗೋಜಿಗೆ ಹೋಗಿಲ್ಲ.

ಹಾಗಾದರೆ ಡಬ್ಬಿ ತೆಗೆದು ಫೋನ್ ಸಿಕ್ಕಿಸಿಕೊಂಡರೆ ಮುಗಿಯಿತಲ್ಲ? ನಾನೂ ಹಾಗೇ ಹೇಳುತ್ತಿದ್ದೆ. ಹೋದ ವರ್ಷ ಮಾಮು ನನ್ನ ಮಾತು ಕೇಳಿ ಮೂರು ತಿಂಗಳು ಫೋನನ್ನೇ ಬಳಸಿದರು. ಆಮೇಲೆ ಒಂದು ಸಂಜೆ ಹಿರೀಸಾವೆ ಕಡೆಯಿಂದ ಬರುತ್ತಿದ್ದಾಗ, ಸರಿಯಾಗಿ ತಿರುವಿನಲ್ಲಿ, ಫೋನಿಗೆ ಕರೆ ಬಂತು. ಕರೆ ಪರದೆ ತುಂಬ ಹರಡಿ ನಕ್ಷೆ ಮುಚ್ಚಿಹೋಯಿತು. ಎಡವೋ ಬಲವೋ ಎಂದು ನೋಡಲು ಮಾಮು ಬೆರಳಿನಿಂದ ಅದನ್ನು ಸರಿಸಲು ಹೋದರು. ತಲೆ ಎತ್ತಿದಾಗ ಮುಂದೆ ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್. ಬ್ರೇಕ್ ಹಿಡಿಯಿತು, ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಮಲಗಿದ್ದರಂತೆ. ಮಾರನೆಯ ದಿನ ಡಬ್ಬಿ ಗಾಜಿನ ಮೇಲೆ ವಾಪಸ್ ಬಂತು.

ಆ ಕರೆ ಮಾಡಿದ್ದು ನಾನೇ. "ಎಷ್ಟೊತ್ತಿಗೆ ಬರ್ತೀರಾ" ಎಂದು ಕೇಳಲು.

ಅದಕ್ಕೇ ಈ ವಿಷಯದ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಅಪ್ಪ, ಅಣ್ಣ, ಮಾಮು ಯಾರಾದರೊಬ್ಬರು ಸ್ಟಿಯರಿಂಗ್ ಹಿಡಿದು ಸಂಸಾರ ನಡೆಸುವ ಮನೆಗಳಿಂದ ಬಂದವರು ಎಷ್ಟು ಜನ ಎಂದು ನಮ್ಮ ತರಗತಿಯಲ್ಲೇ ಕೈ ಎತ್ತಿಸಿ ನೋಡಿ.

ಮೊದಲು ಒಂದು ತಪ್ಪು ತಿಳಿವಳಿಕೆ. ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ನನ್ನ ಗೆಳೆಯರಲ್ಲಿ ಹೆಚ್ಚಿನವರು ನಂಬಿದ್ದಾರೆ. ಇದು ಸರಿಯಲ್ಲ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ 'ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು' ಎಂದು ಹೇಳುತ್ತಲೇ ಇರುತ್ತವೆ. ಡಬ್ಬಿಯಾಗಲಿ ಫೋನಾಗಲಿ ರೇಡಿಯೊ ಥರ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ಲೆಕ್ಕ 300 ಮೀಟರ್ ತಪ್ಪುತ್ತದೆ. ಸಿಮ್ ಬೇಕಿಲ್ಲ, ಡೇಟಾ ಬೇಕಿಲ್ಲ. ನೆಟ್ ಬೇಕಾಗುವುದು ನಕ್ಷೆ ತರಿಸಲು, ಟ್ರಾಫಿಕ್ ತಿಳಿಯಲು, ಮತ್ತು ಆಕಾಶದಲ್ಲಿ ಯಾವ ಉಪಗ್ರಹ ಎಲ್ಲಿದೆ ಎಂದು ಬೇಗ ಹುಡುಕಲು.

ಈ ಉಪಗ್ರಹಗಳ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಹೆಚ್ಚಿನ ಹಕ್ಕಿದೆ ಎಂದು ನನ್ನ ಭಾವನೆ. ಭಾರತದ ಭೂಸ್ಥಿರ ಉಪಗ್ರಹಗಳನ್ನು ಕಕ್ಷೆಗೆ ಏರಿಸಿ, ಹಗಲೂ ರಾತ್ರಿ ಕಾಯುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ನಮ್ಮದೇ ದಾರಿ ತೋರುವ ವ್ಯವಸ್ಥೆಯಾದ ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು, ಏಳನೆಯದು 2016ರ ಏಪ್ರಿಲ್‌ನಲ್ಲಿ. ಅವುಗಳನ್ನು ಸರಿಯಾದ ಜಾಗಕ್ಕೆ ತಳ್ಳಿದ ಆದೇಶಗಳು ಹೋದದ್ದು ಇದೇ ಹಾಸನದಿಂದ. ಕಷ್ಟಗಳೂ ಬಂದವು. ಹಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟವು. 2017ರ ಆಗಸ್ಟ್‌ನಲ್ಲಿ ಕಳಿಸಿದ ಬದಲಿ ಉಪಗ್ರಹ ಉಷ್ಣಕವಚ ಕಳಚದೆ ಒಳಗೇ ಸಿಕ್ಕಿಕೊಂಡಿತು. 2023ರ ಮೇ ತಿಂಗಳಲ್ಲಿ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರ ಹೊತ್ತು ಎನ್‌ವಿಎಸ್-01 ಹೋಯಿತು. 2025ರ ಜನವರಿ 29ರಂದು ಶ್ರೀಹರಿಕೋಟೆಯ 100ನೇ ಉಡಾವಣೆಯಲ್ಲಿ ಹೋದ ಎನ್‌ವಿಎಸ್-02 ಕವಾಟದ ತೊಂದರೆಯಿಂದ ಮೇಲಿನ ಕಕ್ಷೆಗೆ ಏರಲಾಗಲಿಲ್ಲ. 2020ರಿಂದ ಈಚೆಗೆ ಬಂದ ಹಲವು ಫೋನುಗಳು ಜಿಪಿಎಸ್ ಜೊತೆಗೆ ನಾವಿಕ್ ಮಾತನ್ನೂ ಕೇಳಬಲ್ಲವು. ಮಾಮುವಿನ ಡಬ್ಬಿಗೆ ಅದು ಕೇಳಿಸುವುದಿಲ್ಲ. ಹಾಸನದ ಕಾರಿನಲ್ಲಿ ಹಾಸನದವರು ಕಾಯುವ ಉಪಗ್ರಹಕ್ಕೆ ಕಿವುಡು!

ಡಬ್ಬಿಯ ಪರವಾಗಿ ಮಾಮು ಹೇಳುವ ಮಾತುಗಳನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಕ್ಷೆ ಅದರ ಹೊಟ್ಟೆಯಲ್ಲೇ ಇರುವುದರಿಂದ ಸಿಗ್ನಲ್ ಇರಲಿ ಬಿಡಲಿ ಅದು ನಡೆಯುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಫೋನಿನಲ್ಲಿ ಗೆರೆಗಳು ಹೇಗೆ ಮಾಯವಾಗುತ್ತವೆ ಎಂದು ಮಂಗಳೂರಿಗೆ ಹೋದವರಿಗೆಲ್ಲ ಗೊತ್ತು. 2018ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಬೆಳಗೊಳದ ಸುತ್ತ ಜನ ಸೇರಿದಾಗ ಮಾಮುವಿನ ಫೋನಿನಲ್ಲಿ ನೆಟ್ ಅಲುಗಾಡಲಿಲ್ಲವಂತೆ, ಡಬ್ಬಿ ಮಾತ್ರ ನಡೆಯುತ್ತಿತ್ತಂತೆ. ಇನ್ನೊಂದು, ಡಬ್ಬಿ ಯಾರಿಗೂ ಏನೂ ಹೇಳುವುದಿಲ್ಲ. ಫೋನಿನ ಆ್ಯಪ್ ನೀವು ಎಲ್ಲಿ ನಿಂತಿರಿ, ಎಷ್ಟು ಹೊತ್ತು ನಿಂತಿರಿ ಎಂಬುದನ್ನೆಲ್ಲ ಯಾವುದೋ ದೇಶದ ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ. ಟ್ರಾಫಿಕ್ ಎಲ್ಲಿದೆ ಎಂದು ಅದಕ್ಕೆ ತಿಳಿಯುವುದೇ ನಮ್ಮೆಲ್ಲರ ಫೋನುಗಳು ಹೀಗೆ ಹೇಳುವುದರಿಂದ.

ಈ ಕೊನೆಯ ಮಾತೇ ಫೋನಿನ ಬಲವೂ ಹೌದು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆಯಿತು. ಹಳೆಯ ನಕ್ಷೆಯ ಡಬ್ಬಿಯಾಗಿದ್ದರೆ ನೇರವಾಗಿ ಅಲ್ಲಿಗೇ ಕಳಿಸುತ್ತಿತ್ತು. ಮಳೆಗಾಲದಲ್ಲಿ ಘಾಟಿ ದಾರಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಹೋದ ವರ್ಷದ ನಕ್ಷೆಗೆ ಅದು ಹೇಗೆ ತಿಳಿಯಬೇಕು?

ಹಾಗೆಂದು ಫೋನಿಗೂ ಎಲ್ಲ ತಿಳಿಯುವುದಿಲ್ಲ. 2024ರ ಜೂನ್‌ನಲ್ಲಿ ನಮ್ಮ ಗಡಿಯಾಚೆ ಕಾಸರಗೋಡು ಜಿಲ್ಲೆಯ ಪಳ್ಳಂಚಿಯಲ್ಲಿ ನಕ್ಷೆ ನೋಡಿಕೊಂಡು ಬೆಳಗಿನ ಜಾವ ಹೊರಟ ಇಬ್ಬರು ಯುವಕರ ಕಾರು ತುಂಬಿ ಹರಿಯುತ್ತಿದ್ದ ಹೊಳೆಗೆ ಇಳಿಯಿತು. ಅಲ್ಲಿದ್ದದ್ದು ತಡೆಗೋಡೆಯಿಲ್ಲದ ಸೇತುವೆ. ಮರ ಹಿಡಿದುಕೊಂಡು ಬದುಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ಅರ್ಧ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಅವರೂ ನಕ್ಷೆ ನಂಬಿ ಹೊರಟವರೆಂದು ಪತ್ರಿಕೆಗಳಲ್ಲಿ ಬಂತು. ಅಲ್ಲಿ ತಡೆ ಹಾಕದವರ ತಪ್ಪು ಮೊದಲನೆಯದು. ಆದರೆ ಕತ್ತಲೆಯಲ್ಲಿ, ಗೊತ್ತಿಲ್ಲದ ದಾರಿಯಲ್ಲಿ, ದನಿಯೊಂದು 'ನೇರ ಹೋಗಿ' ಎಂದರೆ ನಾವು ಕಣ್ಣಿಗಿಂತ ಕಿವಿಯನ್ನೇ ನಂಬುತ್ತೇವೆ.

ಹೆಸರುಗಳ ಗೊಂದಲ ಬೇರೆ. ಕೆಆರ್‌ಎಸ್ ಹತ್ತಿರ ಬೆಳಗೊಳ ಎಂಬ ಊರಿದೆ. ಇಲ್ಲೇ ಪಕ್ಕದಲ್ಲಿ ಹಳೇಬೆಳಗೊಳ ಇದೆ. 'ಬೆಳಗೊಳ' ಎಂದಷ್ಟೇ ಒತ್ತಿ ಸಿಕ್ಕ ಮೊದಲ ಹೆಸರು ಆರಿಸಿದ ಪ್ರವಾಸಿಗರು ಮಾಮುಗೆ ಫೋನ್ ಮಾಡಿ "ಎಲ್ಲಿದೀವೋ ಗೊತ್ತಾಗ್ತಿಲ್ಲ" ಎಂದದ್ದುಂಟು. ಅವರಿಗೆ ಮಾಮು ಕೇಳುವ ಮೊದಲ ಪ್ರಶ್ನೆ, "ಬೆಟ್ಟದ ಮೇಲೆ ಮೂರ್ತಿ ಕಾಣ್ತಿದೆಯಾ?" ಅಲ್ಲೇ ಎಲ್ಲೋ ಹತ್ತಿರದಲ್ಲಿದ್ದರೆ ಕಾಣಲೇಬೇಕು. ವಿಂಧ್ಯಗಿರಿಯ ಬಾಹುಬಲಿ ಹತ್ತನೆಯ ಶತಮಾನದಿಂದ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಮುಖ ಕಂಡರೆ ನೀವು ದಕ್ಷಿಣಕ್ಕೆ ನೋಡುತ್ತಿದ್ದೀರಿ, ಬೆನ್ನು ಕಂಡರೆ ಉತ್ತರಕ್ಕೆ. ಬ್ಯಾಟರಿ ಬೇಡ, ನವೀಕರಣ ಬೇಡ. ಇದು ಮಾಮು ನನಗೆ ಹೇಳಿಕೊಟ್ಟ ಪಾಠ. ಯಾವ ಆ್ಯಪ್‌ನಲ್ಲೂ ನಾನು ಇದನ್ನು ನೋಡಿಲ್ಲ.

ಈಗ ನನ್ನ ಅಭಿಪ್ರಾಯ. ಹೊಸದಾಗಿ ಡಬ್ಬಿ ಕೊಳ್ಳುವುದು ಇವತ್ತಿಗೆ ದುಡ್ಡು ದಂಡ. ಮಾರುವವರು ಕಡಿಮೆ, ರಿಪೇರಿ ಮಾಡುವವರು ಇನ್ನೂ ಕಡಿಮೆ. ಆದರೆ ಡಬ್ಬಿಯಲ್ಲಿ ಒಂದು ಗುಣವಿದೆ. ಅದು ಒಂದೇ ಕೆಲಸ ಮಾಡುತ್ತದೆ. ಯಾರೂ ಅದಕ್ಕೆ ಕರೆ ಮಾಡುವುದಿಲ್ಲ, ಮದುವೆ ಫೋಟೊ ಕಳಿಸುವುದಿಲ್ಲ. ಆ ಗುಣ ಉಳಿಸಿಕೊಂಡು ಫೋನಿನ ನಕ್ಷೆ ಪಡೆಯುವ ದಾರಿ ನಮ್ಮ ಮನೆಗಳಲ್ಲೇ ಇದೆ. ಬೀರುವಿನಲ್ಲಿ ಬಿದ್ದಿರುವ ಹಳೆಯ ಸ್ಮಾರ್ಟ್‌ಫೋನ್ ತೆಗೆಯಿರಿ. ಸಿಮ್ ತೆಗೆದುಬಿಡಿ. ಮನೆಯ ವೈಫೈ ಅಥವಾ ಹಾಟ್‌ಸ್ಪಾಟ್‌ನಲ್ಲಿ ಹಾಸನ, ಮಂಡ್ಯ, ತುಮಕೂರು, ದಕ್ಷಿಣ ಕನ್ನಡದ ನಕ್ಷೆಗಳನ್ನು ಇಳಿಸಿಕೊಳ್ಳಿ. ಬೇರೆ ಆ್ಯಪ್‌ಗಳನ್ನೆಲ್ಲ ಅಳಿಸಿ. ದನಿಯನ್ನು ಕನ್ನಡಕ್ಕೆ ಹಾಕಿ. ಗೂಗಲ್ ಮ್ಯಾಪ್ಸ್‌ನಲ್ಲಿ 2018ರಿಂದ ಕನ್ನಡದ ದನಿ ಇದೆ. ಹೊಳೆನರಸೀಪುರವನ್ನು ಇಂಗ್ಲಿಷ್ ದನಿ ಹೇಳುವುದನ್ನು ಒಮ್ಮೆ ಕೇಳಿದವರು ಮತ್ತೆ ಕೇಳಲಾರರು. ನಕ್ಷೆ ಹಳತಾಗದಂತೆ ಆಗಾಗ ಮತ್ತೆ ಇಳಿಸಿಕೊಳ್ಳಬೇಕು, ಅದನ್ನು ಮರೆಯುವ ಹಾಗಿಲ್ಲ.

ಇದರಲ್ಲೂ ಕೊರತೆಗಳಿವೆ. ಸಿಮ್ ಇಲ್ಲದ್ದರಿಂದ ಟ್ರಾಫಿಕ್ ತಿಳಿಯುವುದಿಲ್ಲ. ಘಾಟಿ ಇಳಿಯುವ ಮೊದಲು ಸಕಲೇಶಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಹಳೆಯ ಬ್ಯಾಟರಿ ಬಿಸಿಲಿಗೆ ಉಬ್ಬುತ್ತದೆ. ಕಾರು ನಿಲ್ಲಿಸಿ ಬೆಟ್ಟ ಹತ್ತಲು ಹೋಗುವಾಗ ಅದನ್ನು ಗಾಜಿನ ಮೇಲೆ ಬಿಡಬಾರದು. ಲಾರಿ ಓಡಿಸುವವರಿಗಂತೂ ಇದು ಸಾಲದು. ನಾವು ಬಳಸುವ ನಕ್ಷೆಗಳು ಕಾರಿಗೂ ಬೈಕಿಗೂ ದಾರಿ ಹೇಳುತ್ತವೆ, ಸೇತುವೆ ಎಷ್ಟು ಭಾರ ತಡೆಯುತ್ತದೆ, ಮೇಲಿನ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಹೇಳುವುದಿಲ್ಲ. ಅರಕಲಗೂಡಿನಿಂದ ಆಲೂಗಡ್ಡೆ ತುಂಬಿಕೊಂಡು ಹೊರಡುವ ಚಾಲಕರು ಇನ್ನೂ ಇನ್ನೊಬ್ಬ ಚಾಲಕರನ್ನು ಕೇಳಿಯೇ ಹೊರಡುವುದು ಸರಿಯಾಗಿಯೇ ಇದೆ.

ಕಾನೂನಿನ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ ಚಾಲನೆಯ ಸಮಯದಲ್ಲಿ ಕೈಯಲ್ಲಿ ಹಿಡಿಯುವ ಫೋನಿನಂಥ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದ ಹಾಗೆ. ಕರೆಗೆ, ಚಾಟ್‌ಗೆ ಅನುಮತಿ ಇಲ್ಲ. ಸಿಮ್ ತೆಗೆದ ಫೋನಿನಲ್ಲಿ ಆ ಆಸೆಯೇ ಹುಟ್ಟುವುದಿಲ್ಲ.

ಕೊನೆಯದಾಗಿ ನಮ್ಮ ಅಧ್ಯಾಪಕರಿಗೆ ಒಂದು ವಿನಂತಿ. ಈ ಸಲದ ಶೈಕ್ಷಣಿಕ ಪ್ರವಾಸದ ಬಸ್ಸಿನಲ್ಲಿ ಮುಂದಿನ ಸೀಟು ಒಬ್ಬ ವಿದ್ಯಾರ್ಥಿಗೆ ಕೊಡಿ. ನಕ್ಷೆ ನೋಡುವುದು, ಎದುರಿನ ಫಲಕ ಓದುವುದು, ಎರಡೂ ಹೊಂದದಿದ್ದರೆ ಬಸ್ ನಿಲ್ಲಿಸಿ ಅಂಗಡಿಯವರನ್ನು ಕೇಳುವುದು ಅವರ ಕೆಲಸ. ಚಾಲಕರ ಫೋನಿಗೆ ಹಿಂದಿನ ಸೀಟಿನಿಂದಾಗಲಿ ಮನೆಯಿಂದಾಗಲಿ ಯಾರೂ ಕರೆ ಮಾಡಬಾರದು. ಬಸ್ ಎಲ್ಲಿದೆ ಎಂದು ಪೋಷಕರು ಕೇಳಿದರೆ ಆ ವಿದ್ಯಾರ್ಥಿ ಉತ್ತರಿಸಲಿ.

ಮಾಮುವಿನ ಕಾರಿನಲ್ಲಿ ಈಗ ನನ್ನ ಹಳೆಯ ಫೋನಿದೆ. ಪರದೆ ಮೂಲೆಯಲ್ಲಿ ಸ್ವಲ್ಪ ಒಡೆದಿದೆ, ಆದರೂ ನಡೆಯುತ್ತದೆ. ನಾನು ಅವರಿಗೆ ಕರೆ ಮಾಡುವುದಿಲ್ಲ, ಅವರೇ ಗಾಡಿ ನಿಲ್ಲಿಸಿದಾಗ ಮಾಡುತ್ತಾರೆ. ಡಬ್ಬಿಯನ್ನು ಬಿಸಾಡಲು ಅವರಿಗೆ ಮನಸ್ಸು ಬಂದಿಲ್ಲ. ಡಿಸೆಂಬರ್ 6ರಂದು ಹೋದಾಗ ಅದನ್ನು ಚಾರ್ಜಿಗೆ ಹಾಕಿ ಅಂಗಳಕ್ಕೆ ತಂದು ನೋಡಿದೆ. ಸ್ವಲ್ಪ ಹೊತ್ತು ಆಕಾಶ ಹುಡುಕಿ, ನಮ್ಮನ್ನು ಸರಿಯಾಗಿ ಚನ್ನರಾಯಪಟ್ಟಣದಲ್ಲೇ ತೋರಿಸಿತು. ದಿನಾಂಕ 22 ಏಪ್ರಿಲ್ 2006. ನಾನಿನ್ನೂ ಹುಟ್ಟಿರಲಿಲ್ಲ.